ಎಂಬತ್ತೇಳು ತಂತಿಗಳ ಬೇಸಿಗೆ

ಕಳೆದ ತಿಂಗಳು ಮೂಡಲಪಾಳ್ಯದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದುಕೊಂಡು ಆಟೋ ಹುಡುಕುತ್ತ ನಿಂತಿದ್ದಾಗ ಎಲ್ಲಿಂದಲೋ ಹಲಸಿನ ಮರ ಕುಯ್ಯುವ ವಾಸನೆ ಬಂತು. ತಿರುಗಿ ನೋಡಿದರೆ ಒಂದು ಫರ್ನಿಚರ್ ಅಂಗಡಿ. ಬಾಗಿಲಲ್ಲೇ ಹಳದಿ ಹೊಟ್ಟಿನ ಗುಡ್ಡೆ. ಸೀದಾ ಹೋಗಿ ಅದರ ಮುಂದೆ ನಿಂತುಬಿಟ್ಟೆ.

“ಏನ್ ಬೇಕಿತ್ತು ಆಂಟಿ? ಮಂಚ ತೋರಿಸ್ಲಾ?” ಎಂದ ಅಂಗಡಿಯವನು.

“ಏನೂ ಬೇಡಪ್ಪ. ವಾಸನೆ ಚೆನ್ನಾಗಿದೆ, ಅದಕ್ಕೇ ನಿಂತೆ,” ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೋಡಲಿ ಬಿಡಿ. ಎಪ್ಪತ್ತೆರಡು ದಾಟಿದ ಮೇಲೂ ಇಷ್ಟು ಹುಚ್ಚಾಟಕ್ಕೆ ಅವಕಾಶ ಇಲ್ಲ ಅಂದರೆ ಹೇಗೆ?

ಆ ವಾಸನೆ ನನ್ನ ಪಾಲಿಗೆ ಎಂಬತ್ತರ ದಶಕದ ನಡುವಿನ ಒಂದೇ ಒಂದು ಬೇಸಿಗೆಯದು. ಆಗ ನನಗೆ ಮೂವತ್ತೆರಡು ವರ್ಷ. ವಿಜಯನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ವಿಜಯನಗರ ಎಂದರೆ ಆಗ ಅರ್ಧ ಬಡಾವಣೆ, ಅರ್ಧ ಬಯಲು. ಬಟ್ಟೆ ಒಣಗಿಸಲು ತಾರಸಿಗೆ ಹೋದರೆ ಪಡುವಣಕ್ಕೆ ಮೂಡಲಪಾಳ್ಯದ ರಾಗಿ ಹೊಲಗಳು ಕಾಣುತ್ತಿದ್ದವು. ನಲ್ಲಿ ನೀರು ದಿನ ಬಿಟ್ಟು ದಿನ. ನಮ್ಮ ಯಜಮಾನರು ಶ್ರೀಪತಿ, ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ನಾನು ಸಂಜೆ ಹೊತ್ತು ಬೀದಿಯ ಹೆಣ್ಣುಮಕ್ಕಳಿಗೆ ವೀಣೆ ಹೇಳಿಕೊಡುತ್ತಿದ್ದೆ. ವಾರಕ್ಕೆರಡು ದಿನ ಬಸ್ಸು ಹತ್ತಿ ರಾಜಾಜಿನಗರಕ್ಕೆ ಹೋಗಿ ನಾನೂ ಪಾಠ ಹೇಳಿಸಿಕೊಳ್ಳುತ್ತಿದ್ದೆ.

ನನ್ನ ಗುರುಗಳು ಅನಂತಯ್ಯ ಮೇಷ್ಟ್ರು. ಎಪ್ಪತ್ತೊಂದು ವಯಸ್ಸು, ಒಣಗಿದ ಕಬ್ಬಿನ ಜಲ್ಲೆಯಂಥ ಆಳು, ಕಿವಿ ಮಾತ್ರ ಯಮನ ಕಿವಿ. ಹಾಲಿನವನ ಸೈಕಲ್ ಬೆಲ್ಲು ಅರ್ಧ ಸ್ವರ ಇಳಿದಿದೆ ಎಂದು ಅವನಿಗೇ ಹೇಳಿ ಕಳಿಸಿದವರು. ಒಂದು ಮದುವೆಯಲ್ಲಿ ವಾಲಗದ ಶ್ರುತಿ ಸರಿಯಿಲ್ಲ ಎಂದು ಊಟಕ್ಕೂ ಕೂರದೆ ಬಂದವರು. ಹೆಣ್ಣಿನ ಕಡೆಯವರು ಇವರ ಸ್ವಂತ ಅಣ್ಣನ ಮನೆಯವರು! ಅಂಥವರ ಹತ್ತಿರ ನಾನು ಹದಿನಾರು ವರ್ಷದಿಂದ ಕಲಿಯುತ್ತಿದ್ದೆ ಎಂದರೆ ನನ್ನ ತಾಳ್ಮೆಗೂ ಒಂದು ನಮಸ್ಕಾರ ಹಾಕಬೇಕು.

ಅವರಿಗೆ ಸಂಗೀತ ಎಂದರೆ ಗಮಕ. ಎಡಗೈ ಬೆರಳಲ್ಲಿ ತಂತಿಯನ್ನು ಒತ್ತಿ ಎಳೆದು, ಸ್ವರವನ್ನು ಅದರ ಜಾಗದಲ್ಲೇ ತೂಗಿಸುತ್ತಾರಲ್ಲ, ಅದು. “ಸ್ವರ ಅಂದ್ರೆ ಗೋಡೆಗೆ ಹೊಡೆದ ಮೊಳೆ ಅಲ್ಲಮ್ಮ, ಉಸಿರಾಡ್ಬೇಕು,” ಎನ್ನುವರು. ರಾಜಾಜಿನಗರದ ರಾಮೋತ್ಸವದ ಪೆಂಡಾಲಿನಲ್ಲಿ ಮೊದಲ ದಿನದ ಮೊದಲ ಅರ್ಧ ಗಂಟೆ ಪ್ರತಿ ವರ್ಷ ಅವರ ಶಿಷ್ಯರಿಗೆ ಮೀಸಲು. ಆರು ವರ್ಷದಿಂದ ಆ ಅರ್ಧ ಗಂಟೆ ನನ್ನದಾಗಿತ್ತು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುವರು. ಚೆನ್ನಾಗಿದ್ದರೆ ಹೊಗಳುತ್ತಿರಲಿಲ್ಲ, ಚೆನ್ನಾಗಿಲ್ಲದಿದ್ದರೆ ಎದ್ದು ಹೋಗುತ್ತಿದ್ದರು. ನನಗಿಂತ ಮುಂಚೆ ಇಬ್ಬರ ಕಚೇರಿಯಿಂದ ಹಾಗೆ ಎದ್ದು ಹೋಗಿದ್ದರಂತೆ. ಆ ಇಬ್ಬರೂ ಮತ್ತೆ ಅವರ ಮನೆಯ ಮೆಟ್ಟಿಲು ಹತ್ತಲಿಲ್ಲ.

ದೀಪಾವಳಿಯ ಹಿಂದಿನ ದಿನ ಒರಳುಕಲ್ಲು ತೊಳೆಯಲೆಂದು ರುಬ್ಬುಗುಂಡು ಎತ್ತಿದೆ. ಕೈ ಎಣ್ಣೆಯಾಗಿತ್ತು. ಗುಂಡು ಜಾರಿ ಎಡಗೈಯ ತೋರುಬೆರಳು, ನಡುಬೆರಳುಗಳ ಮೇಲೆ ಕೂತಿತು. ಆ ನೋವನ್ನು ಹೇಳಿ ಪ್ರಯೋಜನವಿಲ್ಲ. ಕಟ್ಟು ಬಿಚ್ಚಿದ ದಿನ ಡಾಕ್ಟರು ಬೆರಳು ಆಡಿಸಿ ನೋಡಿ, “ಮನೆ ಕೆಲಸಕ್ಕೇನೂ ತೊಂದ್ರೆ ಇಲ್ಲಮ್ಮ,” ಎಂದರು. ಮನೆಗೆ ಬಂದು ವೀಣೆಯ ಮುಂದೆ ಕೂತೆ. ಬೆರಳುಗಳು ವೀಣೆಯ ದಂಡಿಯ ಮೆಟ್ಟುಗಳ ಮೇಲೆ ಕೂತವು, ಅಷ್ಟೆ. ಒತ್ತಿ ಎಳೆಯಲು ಹೋದರೆ ಬಲವೇ ಇಲ್ಲ; ತಂತಿ ಗೊರಗೊರ ಎಂದಿತು. ಮನೆ ಕೆಲಸಕ್ಕೆ ತೊಂದರೆ ಇಲ್ಲವಂತೆ! ಆ ಡಾಕ್ಟರನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ.

ಎರಡು ತಿಂಗಳು ಅತ್ತೆ, ರೇಗಿದೆ, ಶಿಷ್ಯೆಯರನ್ನು ಬಿಡಿಸಿದೆ. ಸಂಕ್ರಾಂತಿಗೆ ಮುಂಚೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೊನ್ನಪ್ಪನವರಿಗೆ ಹೇಳಿ ಕಳಿಸಿದೆ, ವೀಣೆಯನ್ನು ಯಾರಿಗಾದರೂ ದಾಟಿಸಿಬಿಡಿ ಎಂದು.

ಹೊನ್ನಪ್ಪ ಮೂಡಲಪಾಳ್ಯದವರು. ಮನೆತನದ್ದು ಬೇಸಾಯ, ಅವರು ಮಾತ್ರ ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಫೌಂಡ್ರಿಯಲ್ಲಿ ಮರದ ಅಚ್ಚು ಮಾಡುವ ಕೆಲಸದಲ್ಲಿದ್ದರು. ಕಬ್ಬಿಣ ಎರಕ ಹೊಯ್ಯುವ ಮುಂಚೆ ಅದೇ ಆಕಾರವನ್ನು ಮರದಲ್ಲಿ ಕೆತ್ತಿ ಕೊಡಬೇಕಲ್ಲ, ಆ ಕೆಲಸ. ಒಂದು ಕೂದಲೆಳೆ ಹೆಚ್ಚು ಕಡಿಮೆ ಆಗುವ ಹಾಗಿಲ್ಲ. ನಮ್ಮ ಕಡೆಯ ವೀಣೆಗಳ ತಂತಿ ಬಿಗಿಯುವ ಬಿರಡೆ ಸಡಿಲವಾದರೆ, ದಂಡಿ ಸೀಳಿದರೆ ಅವರೇ ಗತಿ. ಐವತ್ತರ ಆಸುಪಾಸು, ಮಾತು ಕಡಿಮೆ.

ಬಂದರು. ವೀಣೆ ನೋಡಿದರು. ನನ್ನ ಕೈ ನೋಡಿದರು. ಕಾಫಿ ಕುಡಿದು ಲೋಟ ಕೆಳಗಿಟ್ಟರು.

“ವೀಣೆ ಇಲ್ಲೇ ಇರ್ಲಿ ಕುಸುಮಮ್ಮ. ಭಾನುವಾರ ಬತ್ತೀನಿ,” ಎಂದು ಹೊರಟೇಹೋದರು.

ಭಾನುವಾರ ಆಟೋದಲ್ಲಿ ಕಂಬಳಿ ಸುತ್ತಿದ ಒಂದು ಪೆಟ್ಟಿಗೆ ತಂದರು. ನೋಡಲು ದೊಡ್ಡ ಮೊರದ ಹಾಗೆ, ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ಪುಟ್ಟ ಕುದುರೆಗಳು ಸಾಲು ಸಾಲು, ಒಂದೊಂದು ಕುದುರೆಯ ಮೇಲೂ ಮೂರು ಮೂರು ತಂತಿ. ಇಪ್ಪತ್ತೊಂಬತ್ತು ಕುದುರೆ, ಎಂಬತ್ತೇಳು ತಂತಿ. ಹಲಸಿನ ಮರದ ಘಮ್ಮೆನ್ನುವ ಸಿಹಿ ವಾಸನೆ ಮನೆ ತುಂಬಿತು. ಜೊತೆಗೆ ತುದಿ ಬಾಗಿದ ಎರಡು ತೆಳ್ಳನೆಯ ಕೋಲು.

ಸಂತೂರ್. ರೇಡಿಯೋದಲ್ಲಿ ಕೇಳಿದ್ದೆ. ಕಾಶ್ಮೀರದ ಕಡೆ ಹಾಡುಗಾರರು ಜೊತೆಗೆ ಬಡಿಯುತ್ತಿದ್ದ ಜನಪದ ವಾದ್ಯವಂತೆ. ಉತ್ತರದವರು ಅದನ್ನು ಹಿಂದುಸ್ತಾನಿ ರಾಗಕ್ಕೆ ಒಗ್ಗಿಸಿಕೊಂಡಿದ್ದಾರೆ ಎಂದೂ ಗೊತ್ತಿತ್ತು. ಹೊನ್ನಪ್ಪನವರ ಹತ್ತಿರ ಒಬ್ಬ ವಾದ್ಯಗಾರರು ಒಡೆದ ಸಂತೂರನ್ನು ರಿಪೇರಿಗೆ ತಂದಿದ್ದರಂತೆ. ಇವರು ಸುಮ್ಮನಿರದೆ ನ್ಯೂಸ್ ಪೇಪರಿನ ಮೇಲೆ ಅದರ ಅಳತೆ ತೆಗೆದಿಟ್ಟುಕೊಂಡು, ಹಲಸಿನ ಹಲಗೆಯಲ್ಲಿ ತಾವೇ ಒಂದು ಮಾಡಿದ್ದರು.

“ಮೂರು ವರ್ಷದಿಂದ ಅಟ್ಟದ ಮೇಲೈತೆ. ನುಡಿಸೋರಿಲ್ಲ,” ಎಂದರು. “ನಂಗೆ ಸರಿಗಮ ತಿಳೀದು ಕುಸುಮಮ್ಮ, ಮರ ತಿಳೀತದೆ. ಇದಕ್ಕೆ ಬೆರಳು ಬೇಕಿಲ್ಲ. ಕೋಲು ಹಿಡಿಯೋಕಾದ್ರೆ ಸಾಕು.”

ನನಗೆ ರೇಗಿತು. ವೀಣೆ ಬಿಟ್ಟು ಬಡಿಗೆ ಹಿಡಿಯಬೇಕೇ? ಆದರೂ ಅವರ ಮರ್ಯಾದೆಗೆಂದು ಕೋಲು ತೆಗೆದುಕೊಂಡು ನಡುವಿನ ಒಂದು ತಂತಿಯ ಮೇಲೆ ಬಿಟ್ಟೆ. ಹೊಡೆಯಲಿಲ್ಲ, ಬಿಟ್ಟೆ, ಅಷ್ಟೆ.

ಅಯ್ಯೋ ರಾಮ! ಅದೆಂಥ ನಾದ! ಒಂದು ತಂತಿ ಮುಟ್ಟಿದರೆ ಮಿಕ್ಕ ಎಂಬತ್ತಾರೂ ಒಳಗೊಳಗೇ ಓಗೊಟ್ಟವು. ಕೋಲು ಎತ್ತಿದ ಮೇಲೂ ನಾದ ನಿಲ್ಲಲಿಲ್ಲ. ಗೋಡೆ, ಕಿಟಕಿ, ಮೂಲೆಯಲ್ಲಿದ್ದ ನೀರಿನ ಕೊಡ ಎಲ್ಲ ಗುಂಯ್ ಎಂದವು. ಅದು ಪೂರ್ತಿ ಆರುವ ತನಕ ನಾನೂ ಹೊನ್ನಪ್ಪನವರೂ ಕಿವಿಗೊಟ್ಟು ಕೂತೆವು. ಆಮೇಲೆ ನಾನು, “ಒಂದು ವಾರ ಇಲ್ಲೇ ಇರಲಿ,” ಎಂದೆ.

ಆ ವಾರ ಮುಗಿಯಲೇ ಇಲ್ಲ.

ಆದರೆ ನಾದವೇ ಬೇರೆ, ರಾಗವೇ ಬೇರೆ. ಮೊದಲನೆಯದು ಸಿಕ್ಕಿತು ಎಂದು ಹಿಗ್ಗಿದ ನನಗೆ ಎರಡನೆಯದು ಕಣ್ಣೀರು ತರಿಸಿತು. ಅದಕ್ಕೆ ನಾನು ಮಾಡಿದ ತಪ್ಪೂ ಕಾರಣ. ವೀಣೆಯವಳ ಬುದ್ಧಿ ನೋಡಿ, ಹೊಸ ವಾದ್ಯ ಬಂದರೆ ಮೊದಲಿನಿಂದ ಶುರು ಮಾಡಬೇಕು ಎಂದುಕೊಂಡು, ಎಂಬತ್ತೇಳು ತಂತಿಗಳನ್ನೂ ಮಾಯಾಮಾಳವಗೌಳಕ್ಕೆ ಶ್ರುತಿ ಮಾಡಿ ಸರಳೆ ವರಸೆ ಹಿಡಿದು ಕೂತೆ. ಚಿಕ್ಕ ಮಕ್ಕಳಿಗೆ ಕಲಿಸುವ ರಾಗ ಅದು, ನಿಜ. ಆದರೆ ಅದರ ರಿಷಭ, ಧೈವತ ಅಲುಗಾಡದಿದ್ದರೆ ರಾಗಕ್ಕೆ ಜೀವವೇ ಇಲ್ಲ. ಇಲ್ಲಿ ಅಲುಗಾಡಿಸುವುದು ಹೇಗೆ? ಕೋಲು ಬಿತ್ತು, ಸ್ವರ ಬಂತು, ಮುಗಿಯಿತು. ಮೇಷ್ಟ್ರು ಹೇಳುತ್ತಿದ್ದ ಮೊಳೆ ಹೊಡೆಯುವ ಕೆಲಸವನ್ನೇ ನಾನು ಒಂದು ತಿಂಗಳು ಮಾಡಿದೆ.

“ಏನೇ ಇದು, ಅಕ್ಕಸಾಲಿಗರ ಬೀದೀಲಿ ಮನೆ ಮಾಡಿದ ಹಾಗಿದೆ,” ಎಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

“ಹಾಗಾದ್ರೆ ಒಂದು ಜೊತೆ ಬಳೆ ಮಾಡಿಸಿಕೊಡಿ,” ಎಂದೆ.

ಶಿವರಾತ್ರಿಯ ವಾರ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಧ್ಯಾಹ್ನ ಒಬ್ಬಳೇ ಇದ್ದೆ. ಅಷ್ಟು ಹೊತ್ತಿಗೆ ಮಾಯಾಮಾಳವಗೌಳಕ್ಕೆ ಕೈಮುಗಿದು, ಐದೇ ಸ್ವರದ ಮೋಹನಕ್ಕೆ ಇಳಿದಿದ್ದೆ. ಬೇಡದ ಮಧ್ಯಮ, ನಿಷಾದದ ತಂತಿಗಳನ್ನೆಲ್ಲ ಪಕ್ಕದ ಸ್ವರಕ್ಕೆ ಸೇರಿಸಿದ್ದೆ. ಎಡಗೈ ನೋಯುತ್ತಿತ್ತು; ಆ ಕೈಯ ಕೋಲನ್ನು ಕೆಳಗಿಟ್ಟು ಬಲಗೈಯೊಂದರಲ್ಲೇ ಗಾಂಧಾರ ಮುಟ್ಟಿದೆ. ಮೋಹನದ ಗಾಂಧಾರ ಬಂತೆಂದರೆ ಹದಿನಾರು ವರ್ಷದ ಅಭ್ಯಾಸ, ಎಡಗೈ ಕೇಳುವುದಿಲ್ಲ. ತಾನಾಗಿ ತಂತಿ ಎಳೆಯಲು ಹೋಯಿತು. ವೀಣೆ ಅಲ್ಲವಲ್ಲ ಎಂಬ ನೆನಪು ಅದಕ್ಕಿಲ್ಲ. ಕುದುರೆಯ ಆಚೆ ಬದಿಯಲ್ಲಿ, ಯಾರೂ ಬಾರಿಸದ ಒಂದು ತುಂಡು ತಂತಿ ಬಿರಡೆಯವರೆಗೂ ಉಳಿದಿರುತ್ತದೆ. ನನ್ನ ಅಂಗೈಯ ಬುಡ ಹೋಗಿ ಅದರ ಮೇಲೆ ಕೂತು ಒತ್ತಿತು.

ಗಾಂಧಾರ ತೂಗಿತು.

ಒಂದೆರಡು ಕ್ಷಣ ಏನಾಯಿತೆಂದೇ ಹೊಳೆಯಲಿಲ್ಲ. ಮತ್ತೆ ಮುಟ್ಟಿದೆ, ಮತ್ತೆ ಒತ್ತಿದೆ. ಮತ್ತೆ ತೂಗಿತು. ಆ ಕಡೆ ಒತ್ತಿದರೆ ಈ ಕಡೆ ತಂತಿ ಬಿಗಿಯುತ್ತದೆ, ಬಿಗಿದರೆ ಸ್ವರ ಏರುತ್ತದೆ, ಇಷ್ಟೇ ವಿಷಯ. ಬೆರಳು ಬೇಕಾಗಿಯೇ ಇಲ್ಲ, ಅಂಗೈ ಸಾಕು. ಆದರೆ ಆ ಮಧ್ಯಾಹ್ನ ನನಗೆ ಅದು ಇಷ್ಟೇ ಎನಿಸಲಿಲ್ಲ. ಸತ್ತಿದೆ ಎಂದುಕೊಂಡಿದ್ದ ನನ್ನ ಎಡಗೈ ನನಗೆ ಹೇಳದೆ ಕೇಳದೆ ಎದ್ದು ಕೆಲಸಕ್ಕೆ ಹೋಗಿತ್ತು. ಕುಕ್ಕರು ಎಷ್ಟು ಸಲ ಕೂಗಿತೋ ಗೊತ್ತಿಲ್ಲ. ಬೇಳೆ ಸೀದ ವಾಸನೆ ಬಂದಾಗಲೇ ಎದ್ದದ್ದು. ಸೀದ ಬೇಳೆ ನೋಡಿ ಅಷ್ಟು ಸಂತೋಷಪಟ್ಟ ಹೆಂಗಸು ವಿಜಯನಗರದಲ್ಲಿ ಇನ್ನೊಬ್ಬಳಿರಲಿಲ್ಲ.

ಮಾರನೇ ದಿನವೇ ಹೊನ್ನಪ್ಪನವರನ್ನು ಕರೆಸಿ ತೋರಿಸಿದೆ. ಅವರು ಬಗ್ಗಿ, ಕಿವಿಯನ್ನು ಹಲಗೆಗೇ ಆನಿಸಿ ಕೇಳಿದರು.

“ತಂತಿ ಬಲು ಬಿಗಿ ಐತೆ, ನೀವು ಮೈಭಾರ ಎಲ್ಲಾ ಹಾಕ್ತಿದೀರ,” ಎಂದರು. “ಕುದುರೆ ಒಂದು ಬೆರಳಗಲ ಒಳಕ್ಕೆ ತಳ್ಳಿದ್ರೆ ಒತ್ತೋಕೆ ಜಾಗ ಸಿಕ್ತದೆ. ಹದಿನೈದು ದಿನ ಕೊಡಿ.”

“ಹದಿನೈದು ದಿನಾನಾ? ನನ್ನ ಪ್ರಾಣ ಹೋಗುತ್ತೆ ಹೊನ್ನಪ್ಪನವ್ರೇ!”

“ಹತ್ತು,” ಎಂದು ಪೆಟ್ಟಿಗೆಗೆ ಕಂಬಳಿ ಸುತ್ತಿದರು.

ಎಂಟನೆಯ ದಿನಕ್ಕೆ ತಂದರು. ಕುದುರೆಗಳು ಸರಿದಿದ್ದವು, ಒತ್ತುವ ಅಂಚಿಗೆ ಅಂಗೈ ನೋಯದ ಹಾಗೆ ಮೆತ್ತನೆಯ ಉಣ್ಣೆಬಟ್ಟೆ ಅಂಟಿಸಿದ್ದರು. ಅಲ್ಲಿಂದ ಮುಂದೆ ನನಗೆ ಹಗಲು ಸಾಲದಾಯಿತು. ಗಮಕ ಬೇಕಾದಲ್ಲಿ ಒಂದು ಕೈ ಕೋಲು, ಒಂದು ಕೈ ಒತ್ತು. ಬೇಡವಾದಲ್ಲಿ ಎರಡೂ ಕೋಲು. ಎರಡು ಕೋಲನ್ನು ಒಂದೇ ಸ್ವರದ ಮೇಲೆ ನವಿರಾಗಿ ನಡುಗಿಸಿದರೆ ನಾದ ಬಿಡಿಬಿಡಿಯಾಗಿ ಕೇಳುವುದೇ ಇಲ್ಲ, ಧಾರೆಯಾಗಿ ಇಳಿಯುತ್ತದೆ. ವೀಣೆಯಲ್ಲಿ ನನಗೆಂದೂ ಅದು ಸಿಕ್ಕಿರಲಿಲ್ಲ. ನಾನೇ ನುಡಿಸುತ್ತಿದ್ದರೂ ಬೇರೆ ಯಾರೋ ನುಡಿಸುತ್ತಿದ್ದಾರೆ ಎಂಬಂತೆ ಕೇಳುತ್ತ ಕೂರುತ್ತಿದ್ದೆ.

ಯುಗಾದಿಯ ದಿನ ಮೇಷ್ಟ್ರ ಮನೆಗೆ ಹೋಗಿ ನಮಸ್ಕಾರ ಮಾಡಿದೆ. ಅವರ ಹೆಂಡತಿ ಬೇವು ಬೆಲ್ಲ ಕೊಟ್ಟು ಒಳಗೆ ಹೋದರು. ಮೇಷ್ಟ್ರು ನನ್ನ ಬೆರಳುಗಳನ್ನು ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

“ಈ ಸಲ ನಿನ್ನ ಅರ್ಧ ಗಂಟೆ ಬೇರೆಯವರಿಗೆ ಕೊಡ್ಬೇಕಾಗತ್ತೆ ಕುಸುಮ,” ಎಂದರು.

“ಕೊಡಬೇಡಿ ಮೇಷ್ಟ್ರೇ. ನಾನು ನುಡಿಸ್ತೀನಿ. ಸಂತೂರ್‌ನಲ್ಲಿ.”

ಅವರು ನನ್ನ ಕೈ ಬಿಟ್ಟರು.

“ಕೋಲಲ್ಲಿ ಬಡಿಯೋದಾ? ಎಳೆಯೋಕಾಗದ ತಂತೀಲಿ ಎಂಥ ಸಂಗೀತ? ಉತ್ತರದವರಿಗೆ ಅದು ಒಗ್ಗತ್ತೋ ಏನೋ, ನಂಗೊತ್ತಿಲ್ಲ. ನಮ್ಮದಕ್ಕೆ ಒಗ್ಗಲ್ಲ.”

“ಒಂದ್ಸಲ ಕೇಳಿ ಮೇಷ್ಟ್ರೇ.”

ಒಳಗೆ ಒಗ್ಗರಣೆಯ ಸದ್ದು. ಮೇಷ್ಟ್ರು ಒಂದೊಂದೇ ಮಾತು ಅಳೆದು ಹೇಳಿದರು: “ಸರಿ. ಅರ್ಧ ಗಂಟೆ ನಿಂದೇ. ನಾನು ಬರ್ತೀನಿ, ಕೂತ್ಕೋತೀನಿ. ಸಂಗೀತ ಅನ್ನಿಸಲಿಲ್ಲ ಅಂದ್ರೆ ಎದ್ದು ಹೋಗ್ತೀನಿ. ಕೈ ಹೋಗಿದೆ ಪಾಪ ಅಂತೆಲ್ಲ ನಂಗೆ ಕೂರಕ್ಕಾಗಲ್ಲ. ಎದ್ದು ಹೋದ್ಮೇಲೆ ನನ್ನ ಶಿಷ್ಯೆ ಅಂತ ಹೇಳ್ಕೋಬೇಡ.”

ಬಸ್ಸಿನಲ್ಲಿ ಬರುತ್ತ ಸಿಟ್ಟು ಬರಲಿಲ್ಲ, ಆಶ್ಚರ್ಯ. ಕನಿಕರ ತೋರಿಸದೆ ಇದ್ದರಲ್ಲ, ದೀಪಾವಳಿಯಿಂದ ಈಚೆಗೆ ನನ್ನನ್ನು ಸಂಗೀತಗಾರ್ತಿಯ ಹಾಗೆ ಕಂಡವರು ಅವರೊಬ್ಬರೇ. ಆದರೆ ಅವರು ಎದ್ದು ಹೋದರೆ ನನಗೆ ವೀಣೆಯೂ ಇಲ್ಲ, ಗುರುವೂ ಇಲ್ಲ. ಇನ್ನು ಎಂಟು ದಿನ.

ರಾಮನವಮಿಯ ಬೆಳಿಗ್ಗೆ ಹೊನ್ನಪ್ಪ ಬಂದು ಆಕಾಶ ನೋಡಿದರು. “ಸಾಯಂಕಾಲ ಅಶ್ವಿನಿ ಮಳೆ ಹುಯ್ಯೋ ಹಂಗೈತೆ. ಮರ ತಂಡಿ ಕುಡೀತದೆ ಕುಸುಮಮ್ಮ. ಪೆಂಡಾಲ್‌ಗೆ ಹೋಗ್ವಾಗ ಕೀ ನನ್ ಹತ್ರ ಇರ್ಲಿ.” ಬಿರಡೆ ತಿರುಗಿಸುವ ಕೀ ಕೂಡ ಅವರೇ ಮಾಡಿದ್ದು.

ನಾನು ಮಧ್ಯಾಹ್ನ ಮೂರು ಗಂಟೆ ಹೊತ್ತು ಕೂತು ಎಂಬತ್ತೇಳನ್ನೂ ಮೋಹನಕ್ಕೆ ಕೂರಿಸಿದೆ. ಮನೆಯಲ್ಲಿ ಅದು ಗುಡಿಯ ಗಂಟೆಯಷ್ಟು ಸ್ವಚ್ಛವಾಗಿತ್ತು. ಐದು ಗಂಟೆಗೆ ಪೆಂಡಾಲು ಮುಟ್ಟಿದೆವು. ಐದೂಕಾಲಿಗೆ ಗಾಳಿ ಎದ್ದು, ಧೂಳು ಎದ್ದು, ದಪ್ಪ ದಪ್ಪ ಹನಿ ತಟಪಟ ಬಿದ್ದು, ಅರ್ಧ ಗಂಟೆ ಮಳೆ ಹೊಡೆಯಿತು. ಟಾರ್ಪಾಲಿನ ಹೊಟ್ಟೆಯಲ್ಲಿ ನಿಂತ ನೀರನ್ನು ಕಮಿಟಿಯವರು ಕೋಲಿನಿಂದ ಎತ್ತಿ ಎತ್ತಿ ಚೆಲ್ಲಿದರು. ಮಣ್ಣು ತಣ್ಣಗೆ ಉಸಿರು ಬಿಟ್ಟಿತು. ಜನ ಪಾನಕ ಕೋಸಂಬರಿ ಹಿಡಿದು ಬಂದು ಕೂತರು. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಮೇಷ್ಟ್ರು. ಬಿಳಿ ಪಂಚೆ, ಮಡಿಸಿದ ಕೊಡೆ.

ವೇದಿಕೆಯ ಮೇಲೆ ಕೂತು ಕೋಲು ಎಳೆದೆ. ಎಂಬತ್ತೇಳು ತಂತಿಗಳೂ ಒಂದೊಂದು ದಿಕ್ಕಿಗೆ ಹೋಗಿದ್ದವು. ಹಲಸು ತಂಡಿ ಕುಡಿದಿತ್ತು. ವೇದಿಕೆಯ ದೊಡ್ಡ ಬಲ್ಬುಗಳು ಒಂದು ಬದಿಗೆ ಮಾತ್ರ ಕಾವು ಹೊಡೆದು ಇನ್ನಷ್ಟು ಕೆಡಿಸಿದ್ದವು.

ಹೊನ್ನಪ್ಪ ವೇದಿಕೆಗೆ ಬಂದು ಪಕ್ಕದಲ್ಲಿ ಕೂತು ಕೀ ಹಾಕಿದರು. ನಾನು ತಂತಿ ಮೀಟುವುದು, ಅವರು ತಿರುಗಿಸುವುದು. ಆದರೆ ಭಯಕ್ಕೆ ನನ್ನ ಕಿವಿಯೇ ನಿಲ್ಲಲಿಲ್ಲ. ಏರಿದೆಯೋ ಇಳಿದಿದೆಯೋ ತಿಳಿಯದು. ಐದು ನಿಮಿಷ ಹೋಯಿತು, ಹತ್ತು ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ, “ಶುರು ಮಾಡ್ರಮ್ಮಾ!” ಎಂದರು. ಯಾರೋ ನಕ್ಕರು. ಮೃದಂಗದವರು ಮೇಲೆ ಕೆಳಗೆ ನೋಡಿದರು. ಒಂದು ಗಾಂಧಾರ ಮೀಟಿದೆ, ಅಸಹ್ಯವಾಗಿ ಕಿರುಚಿತು.

ಮೇಷ್ಟ್ರು ಎದ್ದು ನಿಂತರು.

ಕೊಡೆಯನ್ನು ಕುರ್ಚಿಗೆ ಒರಗಿಸಿದ್ದನ್ನು ನಾನು ನೋಡಲಿಲ್ಲ. ಅವರು ಎದ್ದದ್ದೊಂದೇ ಕಂಡಿತು. ಆಯಿತು, ಎಲ್ಲ ಮುಗಿಯಿತು, ಒಂದು ಸ್ವರ ನುಡಿಸುವ ಮೊದಲೇ ಮುಗಿಯಿತು ಎಂದುಕೊಂಡೆ. ತಲೆ ತಗ್ಗಿಸಿ ಕೂತೆ.

ವೇದಿಕೆಯ ಹಲಗೆ ಕಿರ್ ಎಂದಿತು. ನನ್ನ ಎದುರಿಗೆ ಯಾರೋ ಚಕ್ಕಂಬಕ್ಕಳ ಹಾಕಿ ಕೂತರು.

“ಮೇಲಿನ ಗಾಂಧಾರ. ಮೂರರಲ್ಲಿ ನಡುವಿಂದು. ಒಂದು ಕೂದಲು ಇಳಿದಿದೆ,” ಎಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡು. “ಏರ್ಸಪ್ಪ. ಇನ್ನೂ. ಸಾಕು, ಸಾಕು! ಜಾಸ್ತಿ ಆಯ್ತು. ಹಾಂ. ಮುಂದಿಂದು.”

ನನ್ನ ಮೇಲಿನ ಪ್ರೀತಿಗೆ ಬಂದರು ಎಂದು ಹೇಳುವ ಧೈರ್ಯ ನನಗಿಲ್ಲ. ಶ್ರುತಿ ತಪ್ಪಿದ ತಂತಿಯನ್ನು ಕೇಳಿಕೊಂಡು ಕೂರಲು ಅವರಿಂದಾಗಲಿಲ್ಲ; ಎದ್ದು ಹೋಗಲೂ ಆಗಲಿಲ್ಲ. ನಾನು ಮೀಟಿದೆ, ಅವರು ಹೇಳಿದರು, ಹೊನ್ನಪ್ಪ ತಿರುಗಿಸಿದರು. ಕಮಿಟಿಯ ಕಾರ್ಯದರ್ಶಿಗಳು ಬಂದು ಅರ್ಧ ಗಂಟೆ ಮುಗಿಯಿತು ಎಂದು ಪಿಸುಗುಟ್ಟಿದರು.

“ಇನ್ನೂ ಶುರುವೇ ಆಗಿಲ್ಲವಲ್ಲ ಸ್ವಾಮಿ, ಮುಗಿಯೋದು ಹೆಂಗೆ?” ಎಂದರು ಮೇಷ್ಟ್ರು. ಕಾರ್ಯದರ್ಶಿಗಳು ಹಾಗೆಯೇ ಹಿಂದೆ ಸರಿದರು.

ಇಡೀ ಪೆಂಡಾಲು ನಿಶ್ಶಬ್ದವಾಗುತ್ತ ಬಂದದ್ದು ಆಗ. ಮಕ್ಕಳು ಕೂಡ ಗಲಾಟೆ ನಿಲ್ಲಿಸಿದ್ದರು. ತಂತಿಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂರುವುದನ್ನು ಜನ ಕತ್ತು ಚಾಚಿ ಕೇಳುತ್ತಿದ್ದರು. ಕೊನೆಯ ಷಡ್ಜ ಕೂತಾಗ ಮಿಕ್ಕವೆಲ್ಲ ತಾವಾಗಿ ಝೇಂ ಎಂದವು. ಯಾರೂ ಮುಟ್ಟಿರಲಿಲ್ಲ. ಮುಂದಿನ ಸಾಲಿನ ಒಬ್ಬ ಅಜ್ಜಿ ಕೈ ಮುಗಿದರು.

ಮೇಷ್ಟ್ರು ವೇದಿಕೆ ಇಳಿಯಲಿಲ್ಲ. ಅಲ್ಲೇ ಎದುರಿಗೆ ಕೂತು, “ಹೂಂ,” ಎಂದರು.

ನನಗೆ ಸಿಕ್ಕಿದ್ದು ಹತ್ತು ಹನ್ನೆರಡು ನಿಮಿಷ. ಮೋಹನದ ಒಂದು ವರ್ಣ ನುಡಿಸಿದೆ, ಅಷ್ಟೆ. ಎರಡು ಕೋಲಿನಿಂದ ಶುರು ಮಾಡಿದೆ. ಮಳೆ ನಿಂತ ಆ ತಣ್ಣನೆಯ ಗಾಳಿಯಲ್ಲಿ ನಾದ ಟಾರ್ಪಾಲಿನಡಿ ಹರಡಿಕೊಂಡು ಹೋಗಿ ರಸ್ತೆಯ ಆಚೆ ನಿಂತವರನ್ನೂ ಮುಟ್ಟಿತು. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಂದರೂ ಹತ್ತಲಿಲ್ಲ; ನಮ್ಮ ಯಜಮಾನರೇ ಕಣ್ಣಾರೆ ಕಂಡದ್ದು. ಆಮೇಲೆ ಎಡಗೈಯ ಕೋಲು ಕೆಳಗಿಟ್ಟೆ. ಗಾಂಧಾರವನ್ನು ಮೆಲ್ಲಗೆ ಮುಟ್ಟಿ, ಅಂಗೈಯನ್ನು ಆಚೆ ಬದಿಗಿಟ್ಟು ಒತ್ತಿದೆ.

ಮೇಷ್ಟ್ರ ತಾಳ ನಿಂತಿತು. ಹದಿನಾರು ವರ್ಷದಲ್ಲಿ ಅವರ ಕೈ ತಾಳ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಕಣ್ಣು ತೆರೆದು ನನ್ನ ಅಂಗೈಯನ್ನೇ ನೋಡುತ್ತಿದ್ದರು. ಅವರ ಬಾಯಿ ಸ್ವಲ್ಪ ತೆರೆದಿತ್ತು, ಮೊದಲ ಸಲ ರೈಲು ನೋಡಿದ ಮಗುವಿನ ಹಾಗೆ. ಅದನ್ನು ನೋಡಿ ನನಗೆ ಭಯವೆಲ್ಲ ಹಾರಿಹೋಯಿತು. ನುಡಿಸುತ್ತ ಹೋದೆ. ಅಷ್ಟು ದೊಡ್ಡ ನಾದದ ಮುಂದೆ ನಾನು ಬರೀ ಒಂದು ಕೋಲು ಹಿಡಿದು ಕೂತಿದ್ದೇನೆ ಎನಿಸಿತು.

ಮುಗಿದ ಮೇಲೆ ಚಪ್ಪಾಳೆ ಬಂತು, ಹಾರ ಬಂತು. ಮೇಷ್ಟ್ರು ಮಾತ್ರ ಒಂದು ಲೋಟ ಪಾನಕ ಕುಡಿದು, ಕೊಡೆ ತೆಗೆದುಕೊಂಡು, ಯಾರ ಜೊತೆಯೂ ಮಾತಾಡದೆ ಮನೆಗೆ ಹೋದರು.

ಈಗ ಇದಕ್ಕೆ ಏನು ಅರ್ಥ? ಕಚೇರಿಯ ನಡುವೆ ಎದ್ದು ಹೋಗಲಿಲ್ಲ, ಸರಿ. ಆದರೆ ಪಾಠಕ್ಕೆ ಬಾ ಎಂದೂ ಹೇಳಲಿಲ್ಲ. “ಹೋಗಿ ಕೇಳ್ಕೊಂಡು ಬಾರೇ,” ಎಂದರು ಯಜಮಾನರು. ಹೋಗಿ ಬೇಡ ಎನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ದಿನ ಎಣಿಸಿದೆ. ಹೊನ್ನಪ್ಪ ಎರಡು ಸಲ ಬಂದು, “ಮೇಷ್ಟ್ರು ಏನಂದ್ರು?” ಎಂದು ಕೇಳಿ, ನನ್ನ ಮುಖ ನೋಡಿ ಹೊರಟುಹೋದರು.

ಹನ್ನೊಂದನೆಯ ದಿನ, ಭಾನುವಾರ ಬೆಳಿಗ್ಗೆ ನೀರು ಹಿಡಿಯುತ್ತಿದ್ದೆ. ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಸದ್ದಾಯಿತು. ಬಗ್ಗಿ ನೋಡಿದರೆ ಮೇಷ್ಟ್ರು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಾರೆ. ಹದಿನಾರು ವರ್ಷದಲ್ಲಿ ಅವರು ಯಾವ ಶಿಷ್ಯರ ಮನೆಗೂ ಹೋದವರಲ್ಲ. ಕೈಯಲ್ಲಿದ್ದ ಬಿಂದಿಗೆ ಅಲ್ಲೇ ಬಿಟ್ಟು ಓಡಿದೆ. ನೀರು ಮೆಟ್ಟಿಲಿಳಿದು ಹೋಯಿತು.

“ಎಲ್ಲಿದೆ ಅದು?” ಎಂದರು. ಕಾಫಿ ಬೇಡ ಎಂದರು. ಸಂತೂರಿನ ಮುಂದೆ ಮಂಡಿ ಲಟಕ್ಕೆನ್ನಿಸಿಕೊಂಡು ಕೂತರು.

“ಆ ಗಾಂಧಾರ ಕಿವಿ ಬಿಟ್ಟು ಹೋಗ್ತಾ ಇಲ್ಲ ಕುಸುಮ. ಎಪ್ಪತ್ತೊಂದು ವರ್ಷ ಆಯ್ತು ನಂಗೆ, ಗಮಕ ಎಲ್ಲೆಲ್ಲಿ ಇರತ್ತೆ ಅಂತ ಎಲ್ಲಾ ಗೊತ್ತು ಅಂದ್ಕೊಂಡಿದ್ದೆ. ಎಲ್ಲಿ, ಕೋಲು ಕೊಡು.”

ಕೊಟ್ಟೆ. ವೀಣೆಯ ಮೇಲೆ ಹುಲಿಯಾಗಿದ್ದ ಆ ಕೈ ಕೋಲನ್ನು ಮುಷ್ಟಿಯಲ್ಲಿ ಹಿಡಿಯಿತು. ಷಡ್ಜ ಮುಟ್ಟಿದರು. ರಿಷಭಕ್ಕೆ ಹೋಗುವಾಗ ಕೋಲು ಜಾರಿ ಪಕ್ಕದ ತಂತಿಗೂ ತಗುಲಿತು. ತುಟಿ ಕಚ್ಚಿಕೊಂಡು ಗಾಂಧಾರಕ್ಕೆ ಬಂದರು. ಎಡಗೈಯನ್ನು ಆಚೆ ಬದಿಗಿಟ್ಟು ಒತ್ತಿದರು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದರು.

“ಸರಿ ಇತ್ತೇನಮ್ಮ?”

ಸರಿ ಇತ್ತು ಮೇಷ್ಟ್ರೇ ಎಂದುಬಿಡಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಗೇ ಹೇಳುತ್ತಿದ್ದೆ. ಇವರಿಗೆ ಇದ್ದದ್ದನ್ನೇ ಹೇಳಿದೆ: “ಇಲ್ಲ ಮೇಷ್ಟ್ರೇ. ಕೋಲು ತುಂಬ ಬಿಗಿಯಾಗಿ ಹಿಡಿದಿದ್ದೀರಿ. ಬಡಿದ ಹಾಗಾಯ್ತು.”

“ಹೌದಾ?” ಎಂದು ಅವರು ಕೈಯನ್ನು ನನ್ನ ಕಡೆ ಚಾಚಿದರು. “ಹೇಗೆ ಹಿಡೀಬೇಕು, ತೋರ್ಸು.”

ನಾನು ಅವರ ಎದುರಿಗೆ ಕೂತು, ಅವರ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿ, ಕೋಲನ್ನು ಸರಿಯಾಗಿ ಕೂರಿಸಿದೆ.